ಗಡಿಯೂರಿನ ಹುಡುಗ ಗಡಿಯನ್ನೇ ಓದಿದ ಕಥೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2005ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ತುಮಕೂರಿನಲ್ಲಿ ಪಿಯುಸಿ, ಬೆಂಗಳೂರಿನಲ್ಲಿ ಬಿಇ, ಆಮೇಲೆ ಸಾಫ್ಟ್‌ವೇರ್ ಕೆಲಸ. 2017ರಿಂದ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದ್ದೇನೆ. ಸಮಿತಿಯವರು ಫೋನ್ ಮಾಡಿ, ‘ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ’ ಅಂದರು. ಕಂಪ್ಯೂಟರ್ ಬಗ್ಗೆ ಹೇಳುವವರು ತುಂಬಾ ಜನ ಇದ್ದಾರೆ ಸಾರ್, ನಾನು ಗಡಿಯ ಬಗ್ಗೆ ಹೇಳುತ್ತೇನೆ ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ‘ಸರಿ, ಆದರೆ ಜಗಳ ತರೋ ಮಾತು ಬೇಡ’ ಅಂದರು. ಜಗಳ ತರುವುದಿಲ್ಲ, ಮೇಷ್ಟ್ರು ಧೈರ್ಯವಾಗಿ ಕೂತಿರಬಹುದು.

ವಿಷಯ ಏನೆಂದರೆ, ಬಿಇ ಮುಗಿದ ಹತ್ತು ವರ್ಷದ ಮೇಲೆ, 2021ರಲ್ಲಿ, ನಾನು ಮತ್ತೆ ವಿದ್ಯಾರ್ಥಿಯಾದೆ. ಹಗಲು ಆಫೀಸು, ಸಂಜೆ ಕ್ಲಾಸು. ಎರಡು ವರ್ಷದ ಎಂಎ. ಓದಿದ ವಿಷಯ ಗಡಿ, ಗುರುತು ಮತ್ತು ಆಡಳಿತ. ನಮ್ಮಪ್ಪ ಇದನ್ನು ಕೇಳಿ, ‘ಗಡಿ ಓದೋಕೆ ಅಷ್ಟು ದೂರ ಹೋಗಬೇಕೇನೋ? ಬಸ್ ಸ್ಟ್ಯಾಂಡಿಗೆ ಹೋದರೆ ಸಾಕಲ್ಲ’ ಅಂದರು.

ಅವರ ಮಾತು ಸುಳ್ಳಲ್ಲ. ನಮ್ಮ ಪಾವಗಡ ತಾಲ್ಲೂಕಿಗೆ ಮೂರು ಕಡೆ ಆಂಧ್ರ. ಜಿಲ್ಲಾ ಕೇಂದ್ರ ತುಮಕೂರಿಗೆ ಮಧುಗಿರಿ ಮೇಲೆ ಹೋಗುವ ಬಸ್ಸು ನಡುವೆ ಆಂಧ್ರ ದಾಟಿಯೇ ಹೋಗಬೇಕು. ಸ್ವಾತಂತ್ರ್ಯಕ್ಕೆ ಮೊದಲು ಪಾವಗಡ ಮೈಸೂರು ಸಂಸ್ಥಾನದ್ದು. ಪಕ್ಕದ ಮಡಕಶಿರ, ಹಿಂದೂಪುರ ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಯವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯಿತು, 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ರಾಜ್ಯಗಳ ಹೆಸರು ಬದಲಾದರೂ ನಮ್ಮ ಕಡೆಯ ಗೆರೆ ಹೆಚ್ಚುಕಡಿಮೆ ಹಳೆಯದೇ ಉಳಿಯಿತು. ಜನ ಮಾತ್ರ ಆ ಗೆರೆ ನೋಡಿಕೊಂಡು ಹೆಣ್ಣು ಕೊಟ್ಟು ತಂದವರಲ್ಲ. ಕಡ್ಲೆಕಾಯಿ ಮಾರೋಕೆ ಆ ಕಡೆ, ಜಾತ್ರೆಗೆ ಈ ಕಡೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆ ಕಡೆಯ ಊರುಗಳಲ್ಲಿ ಮನೆಯಲ್ಲಿ ಕನ್ನಡ ಆಡುವವರೂ ಇದ್ದಾರೆ.

ನನ್ನನ್ನು ಎಂಟನೇ ತರಗತಿಗೆ ಸೇರಿಸಲು ಅಪ್ಪ ಇಲ್ಲಿಗೆ ಕರೆತಂದ ದಿನ ನೆನಪಿದೆ. ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆ ಅಂತ ಒಂದು ಕಾಲಂ. ‘ಮನೆಯಲ್ಲಿ ಯಾವ ಭಾಷೆ ಆಡ್ತೀರಿ?’ ಅಂತ ಕೇಳಿದರು. ಅಪ್ಪ, ‘ಎರಡೂ ಸಾರ್’ ಅಂದರು. ‘ಎರಡೂ ಬರೆಯೋಕೆ ಜಾಗ ಇಲ್ಲಪ್ಪ, ಒಂದು ಹೇಳು.’ ಅಪ್ಪ ನನ್ನ ಮುಖ ನೋಡಿದರು. ತೆಲುಗು ಅಂತ ಬರೆಸಿದರು, ಯಾಕೆಂದರೆ ಅಮ್ಮ ಆ ಕಡೆಯವಳು. ಅದು ಸರಿಯೂ ಹೌದು. ಆದರೆ ಆ ಒಂದು ಪದ ನನ್ನ ಟಿಸಿಯ ಜೊತೆ ಬೆಂಗಳೂರಿನವರೆಗೂ ಬಂತು. ಹಾಸ್ಟೆಲಿನಲ್ಲಿ ನಾನು ‘ಆಂಧ್ರದವನು’. ಹಿಂದೂಪುರದಲ್ಲಿ ನಮ್ಮ ಮಾವಂದಿರ ಮನೆಗೆ ಹೋದರೆ ಅಲ್ಲಿನ ಹುಡುಗರಿಗೆ ನಾನು ‘ಕನ್ನಡದವನು’. ಎರಡು ಕಡೆಯೂ ನಗುತ್ತಲೇ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಹಾಸ್ಟೆಲಿನ ಫೋನಿನಲ್ಲಿ ಅಮ್ಮನ ಹತ್ತಿರ ತೆಲುಗು ಆಡುವಾಗ ದನಿ ತಗ್ಗಿಸುತ್ತಿದ್ದೆ. ಇದನ್ನು ಅಮ್ಮನಿಗೆ ಇವತ್ತಿನವರೆಗೂ ಹೇಳಿರಲಿಲ್ಲ.

ಓದಬೇಕು ಅನ್ನಿಸಿದ್ದು 2020ರಲ್ಲಿ. ಲಾಕ್‌ಡೌನ್ ಸಮಯ. ನಮ್ಮ ಅಜ್ಜಿ, ಅಂದರೆ ಅಮ್ಮನ ತಾಯಿ, ಇಲ್ಲಿಂದ ಏಳು ಕಿಲೋಮೀಟರ್ ದೂರದ ಊರಿನಲ್ಲಿ ತೀರಿಕೊಂಡರು. ಏಳೇ ಕಿಲೋಮೀಟರ್, ಆದರೆ ಅದು ಆಂಧ್ರ. ದಾರಿಗೆ ಅಡ್ಡಲಾಗಿ ಮಣ್ಣು ಸುರಿದು ಮೇಲೆ ಜಾಲಿ ಮುಳ್ಳು ಹಾಕಿದ್ದರು. ಅಮ್ಮನ ಕೈಯಲ್ಲಿ ಈ ಕಡೆಯ ಪಾಸ್ ಇತ್ತು, ಆ ಕಡೆಯವರು ನಮ್ಮ ಪಾಸ್ ಬೇಕು ಅಂದರು. ಕಾವಲಿದ್ದ ಹುಡುಗನೂ ಪಾಪ ನಮ್ಮ ಕಡೆಯವನೇ, ಅವನು ತನಗೆ ಹೇಳಿದ ಕೆಲಸ ಮಾಡಿದ. ಅಮ್ಮ ಮಣ್ಣಿಗೆ ಹೋಗಲಾಗಲಿಲ್ಲ. ಮೂರನೇ ದಿನ ಹಾಲು ತುಪ್ಪಕ್ಕೂ ಹೋಗಲಾಗಲಿಲ್ಲ. ತಮ್ಮ ವಿಡಿಯೋ ಕಾಲ್ ಮಾಡಿದ್ದ. ಆ ಮಣ್ಣಿನ ಗುಡ್ಡೆಯ ಈ ಕಡೆ ಅಮ್ಮ ಕೂತಿದ್ದನ್ನು ನಾನು ಡಬ್ಲಿನ್‌ನಲ್ಲಿ ಫೋನಿನಲ್ಲಿ ನೋಡಿದೆ. ರೋಗ ಹರಡಬಾರದು ಅನ್ನುವುದು ಸರಿ. ಆದರೆ ತಾಯಿಯ ಮಣ್ಣಿಗೆ ಹೋಗುವ ಮಗಳಿಗೆ ಏನು ದಾರಿ ಅಂತ ಎರಡು ಕಡೆಯವರು ಮೊದಲೇ ಕೂತು ಯೋಚಿಸಿರಲಿಲ್ಲ. ಮರುವರ್ಷ ನಾನು ಕಾಲೇಜಿಗೆ ಅರ್ಜಿ ಹಾಕಿದೆ.

ಐರ್ಲೆಂಡ್ ಒಂದು ದ್ವೀಪ, ಅದರಲ್ಲಿ ಎರಡು ಆಡಳಿತ. ದಕ್ಷಿಣದ್ದು ಸ್ವತಂತ್ರ ದೇಶ. ಉತ್ತರದ ಆರು ಕೌಂಟಿಗಳು, ಅಂದರೆ ಆರು ಜಿಲ್ಲೆಗಳು, ಬ್ರಿಟನ್ನಿನ ಭಾಗ. 1921ರಲ್ಲಿ ಹೀಗೆ ಭಾಗ ಮಾಡುವಾಗ ಹಳೆಯ ಕೌಂಟಿಗಳ ಎಲ್ಲೆಯನ್ನೇ ಗಡಿ ಮಾಡಿದರು. ಅದು ಹೊಲ, ಹೊಳೆ, ಊರುಗಳ ನಡುವೆ ಸುಮಾರು 500 ಕಿಲೋಮೀಟರ್ ಸುತ್ತಿಕೊಂಡು ಹೋಗುತ್ತದೆ. ಒಂದು ಕಡೆಯಂತೂ ಒಂದೇ ರಸ್ತೆ ಹತ್ತು ಕಿಲೋಮೀಟರಿನೊಳಗೆ ನಾಲ್ಕು ಸಲ ಗಡಿ ದಾಟುತ್ತದೆ. ಡನಿಗಾಲ್ ಅನ್ನುವ ಕೌಂಟಿ ದಕ್ಷಿಣದ್ದೇ, ಆದರೆ ತನ್ನ ದೇಶದ ಉಳಿದ ಭಾಗಕ್ಕೆ ಅಂಟಿಕೊಂಡಿರುವುದು ಒಂದು ಸಣ್ಣ ಪಟ್ಟಿಯಷ್ಟು ಜಾಗದಲ್ಲಿ. ಮೊದಲ ಕ್ಲಾಸಿನಲ್ಲಿ ಆ ನಕ್ಷೆ ನೋಡಿದಾಗ ನನಗೆ ಪಾವಗಡ ಕಂಡಿತು.

ಗಡಿಯ ಜೊತೆ ಗುರುತಿನ ಜಗಳವೂ ಬಂತು. ಉತ್ತರದಲ್ಲಿ ತಮ್ಮನ್ನು ಬ್ರಿಟಿಷರು ಅಂದುಕೊಳ್ಳುವವರು ಹೆಚ್ಚಾಗಿ ಪ್ರಾಟೆಸ್ಟಂಟರು, ಐರಿಷ್ ಅಂದುಕೊಳ್ಳುವವರು ಹೆಚ್ಚಾಗಿ ಕ್ಯಾಥೊಲಿಕ್ಕರು. 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ಬಾಂಬು, ಗುಂಡು. ಸತ್ತವರು 3,500ಕ್ಕೂ ಹೆಚ್ಚು. ಗಡಿಯ ಸಣ್ಣ ಸಣ್ಣ ರಸ್ತೆಗಳನ್ನು ಬ್ರಿಟಿಷ್ ಸೈನ್ಯ ಸಿಡಿಮದ್ದು ಇಟ್ಟು ಗುಂಡಿ ಮಾಡಿ, ಕಾಂಕ್ರೀಟ್ ದಿಮ್ಮಿ ಹಾಕಿ ಮುಚ್ಚಿತ್ತು. ಊರಿನವರು ಒಟ್ಟಾಗಿ ಬಂದು ಗುಂಡಿ ತುಂಬಿ ದಾರಿ ಮಾಡಿಕೊಳ್ಳುತ್ತಿದ್ದರು, ಸೈನ್ಯ ಮತ್ತೆ ಮುಚ್ಚುತ್ತಿತ್ತು. ಈ ಪಾಠ ನಡೆಯುವಾಗ ನನ್ನ ಕಣ್ಣಿಗೆ ನಮ್ಮೂರಿನ ಮಣ್ಣಿನ ಗುಡ್ಡೆಯೇ ಬರುತ್ತಿತ್ತು.

1998ರ ಏಪ್ರಿಲ್ 10ರಂದು ಒಂದು ಒಪ್ಪಂದ ಆಯಿತು. ಗುಡ್ ಫ್ರೈಡೇ ಒಪ್ಪಂದ ಅಂತ ಹೆಸರು. ಮರುತಿಂಗಳು ಎರಡು ಕಡೆಯ ಜನ ಮತ ಹಾಕಿ ಒಪ್ಪಿದರು, ಉತ್ತರದಲ್ಲಿ ಶೇ. 71, ದಕ್ಷಿಣದಲ್ಲಿ ಶೇ. 94. ಅದರಲ್ಲಿ ಒಂದು ಮಾತಿದೆ: ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದವರು ತಮ್ಮನ್ನು ಐರಿಷ್ ಅನ್ನಬಹುದು, ಬ್ರಿಟಿಷ್ ಅನ್ನಬಹುದು, ಅಥವಾ ಎರಡೂ ಅನ್ನಬಹುದು; ಎರಡೂ ದೇಶದ ಪೌರತ್ವ ಇಟ್ಟುಕೊಳ್ಳಬಹುದು. ಅದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ಅಪ್ಪನಿಗೆ ಫೋನ್ ಮಾಡಿದೆ. ನಮ್ಮಪ್ಪ ದಾಖಲಾತಿ ಪುಸ್ತಕದ ಮುಂದೆ ನಿಂತು ಹೇಳಿದ ಮಾತು ಅದು, ‘ಎರಡೂ ಸಾರ್’. ಅಲ್ಲಿ ಅದಕ್ಕೆ ಜಾಗ ಸಿಗಲು ಅಷ್ಟು ಹೆಣ ಬೀಳಬೇಕಾಯಿತು.

ಹಾಗಂತ ಅಲ್ಲಿ ಎಲ್ಲವೂ ಸರಿಹೋಗಿದೆ ಅಂತ ಅಲ್ಲ. ಬೆಲ್‌ಫಾಸ್ಟ್ ನಗರದಲ್ಲಿ ಎರಡು ಸಮುದಾಯದ ಬೀದಿಗಳ ನಡುವೆ ಎತ್ತರದ ಗೋಡೆಗಳು ಈಗಲೂ ಇವೆ. ಬಹುಪಾಲು ಮಕ್ಕಳು ಈಗಲೂ ಬೇರೆ ಬೇರೆ ಶಾಲೆಗೆ ಹೋಗುತ್ತಾರೆ. 2016ರಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡಲು ತೀರ್ಮಾನಿಸಿದಾಗ ಗಡಿಯಲ್ಲಿ ಮತ್ತೆ ತಪಾಸಣೆ ಬರುತ್ತದೇನೋ ಅಂತ ಜನ ಹೆದರಿದರು. ಕೊನೆಗೆ ಸರಕಿನ ತಪಾಸಣೆಯನ್ನು ಸಮುದ್ರದ ಬಂದರುಗಳಲ್ಲಿ ಇಟ್ಟು ನೆಲದ ಗಡಿಯನ್ನು ತೆರೆದೇ ಬಿಟ್ಟರು. ಅದಕ್ಕೂ ಅಲ್ಲಿ ಒಂದು ಪಕ್ಷಕ್ಕೆ ಅಸಮಾಧಾನ ಇದ್ದೇ ಇದೆ.

ಈಗ ನನ್ನ ಕಥೆ. 2022ರಲ್ಲಿ ನಮ್ಮ ತರಗತಿಯನ್ನು ಪೆಟ್ಟಿಗೊ ಅನ್ನುವ ಹಳ್ಳಿಗೆ ಕರೆದುಕೊಂಡು ಹೋದರು. ನಡುವೆ ಟರ್ಮನ್ ಅನ್ನುವ ಹೊಳೆ. ಈ ದಡ ಪೆಟ್ಟಿಗೊ, ಐರ್ಲೆಂಡ್. ಆ ದಡ ಟಲಿಹೊಮ್ಮನ್, ಬ್ರಿಟನ್. ಒಂದು ಕಲ್ಲಿನ ಸೇತುವೆ. ಕಾವಲಿಲ್ಲ, ಗೇಟಿಲ್ಲ. ನನ್ನ ಸಹಪಾಠಿಗಳು ಮಾತಾಡಿಕೊಂಡೇ ದಾಟಿದರು. ನಾನು ಈ ಕಡೆ ನಿಂತೆ. ಐರಿಷರಿಗೆ, ಬ್ರಿಟಿಷರಿಗೆ ಅಲ್ಲಿ ಯಾವ ಕಾಗದವೂ ಬೇಡ. ನನ್ನಂಥ ಭಾರತದ ಪಾಸ್‌ಪೋರ್ಟಿನವನಿಗೆ ಐರ್ಲೆಂಡಿನಲ್ಲಿ ಇರಲು ಕೆಲಸ ಮಾಡಲು ಪರವಾನಗಿ ಇದ್ದರೂ ಆ ಸೇತುವೆ ದಾಟಲು ಬ್ರಿಟನ್ನಿನ ವೀಸಾ ಬೇರೆ ಬೇಕು. ಅರ್ಜಿ ಹಾಕಿದ್ದೆ, ಸಮಯಕ್ಕೆ ಬಂದಿರಲಿಲ್ಲ. ಡಬ್ಲಿನ್‌ನಿಂದ ಅಲ್ಲಿಗೆ ನೇರ ದಾರಿ ಉತ್ತರ ಐರ್ಲೆಂಡಿನ ಮೂಲಕ. ನನ್ನೊಬ್ಬನಿಗಾಗಿ ಬಸ್ಸು ಬಳಸು ದಾರಿಯಲ್ಲಿ ಬಂದಿತ್ತು. ಹೋಗಿ ಬಂದಿದ್ದರೆ ಬಹುಶಃ ಯಾರೂ ಕೇಳುತ್ತಿರಲಿಲ್ಲ. ಆದರೆ ಸಿಕ್ಕಿಬಿದ್ದರೆ ಕೆಲಸ, ಹೆಂಡತಿ, ಮಗು, ಎಲ್ಲಕ್ಕೂ ತೊಂದರೆ. ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆ. ಆಗ ಅಮ್ಮ ಗುಡ್ಡೆಯ ಈ ಕಡೆ ಹೇಗೆ ಕೂತಿದ್ದಳು ಅನ್ನುವುದು ಸ್ವಲ್ಪ ಅರ್ಥವಾಯಿತು.

ಎಂಎ ಪ್ರಬಂಧ ಬರೆದದ್ದು ಇದರ ಮೇಲೆಯೇ. ಗಡಿ ಇರುವುದು ನೆಲದ ಮೇಲೆ ಮಾತ್ರವೇ ಅಂದುಕೊಂಡಿದ್ದೆ. ಅದು ನಮ್ಮ ಜೇಬಿನ ಕಾಗದದಲ್ಲಿದೆ, ಆಫೀಸಿನ ಫಾರಂನಲ್ಲಿದೆ, ನನ್ನಂಥವರು ಬರೆಯುವ ಸಾಫ್ಟ್‌ವೇರಿನಲ್ಲಿದೆ. ಒಂದೇ ಸೇತುವೆ ಒಬ್ಬನಿಗೆ ರಸ್ತೆ, ಇನ್ನೊಬ್ಬನಿಗೆ ಗೋಡೆ. ಯಾರಿಗೆ ಯಾವುದು ಅನ್ನುವುದನ್ನು ಆಡಳಿತ ತೀರ್ಮಾನ ಮಾಡುತ್ತದೆ. ಹಾಗಾಗಿ ಗೆರೆ ಅಳಿಸದೆಯೂ ಅದರ ಭಾರ ಕಡಿಮೆ ಮಾಡಬಹುದು. ಹೃದಯದ ಆಪರೇಷನ್ ಬೇಕಾದ ಉತ್ತರದ ಮಕ್ಕಳು ಡಬ್ಲಿನ್‌ಗೆ ಬರುತ್ತಾರೆ. ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ಡನಿಗಾಲ್‌ನ ರೋಗಿಗಳು ಗಡಿಯಾಚೆಯ ಡೆರಿ ಆಸ್ಪತ್ರೆಗೆ ಹೋಗುತ್ತಾರೆ. ಎರಡು ಸರ್ಕಾರ ಕೂತು ಮಾತಾಡಿ ಹೀಗೆ ಮಾಡಿಕೊಂಡಿವೆ. ಎರಡು ದೇಶಗಳ ನಡುವೆ ಆಗುವುದು ಒಂದೇ ದೇಶದ ಎರಡು ತಾಲ್ಲೂಕಿನ ನಡುವೆ ಆಗದೇ?

ಮಕ್ಕಳೇ, ನಿಮಗೆ ಒಂದು ಮಾತು. ಬಿಇ ಮಾಡಿದವರು ಇಂಥದ್ದನ್ನು ಓದಬಾರದು ಅಂತ ಇಲ್ಲ. ಇಗ್ನೋದಂಥ ಕಡೆ ಯಾವ ಪದವಿ ಇದ್ದರೂ ರಾಜ್ಯಶಾಸ್ತ್ರದ ಎಂಎ ಮನೆಯಿಂದಲೇ ಮಾಡಬಹುದು. ನನಗೆ ಮೊದಲ ಆರು ತಿಂಗಳು ಕಷ್ಟವಾಯಿತು. ಕೋಡ್ ಬರೆದರೆ ಸರಿಯೋ ತಪ್ಪೋ ಆಗಲೇ ಗೊತ್ತಾಗುತ್ತದೆ, ಪ್ರಬಂಧ ಬರೆದರೆ ಗೊತ್ತಾಗುವುದಿಲ್ಲ. ನನ್ನ ಮೊದಲ ಪ್ರಬಂಧಕ್ಕೆ ಬಂದ ಅಂಕ ಇಲ್ಲಿ ಹೇಳುವ ಹಾಗಿಲ್ಲ. ಆದರೆ ಸಮಾಜ ಮೇಷ್ಟ್ರು ಒಂಬತ್ತನೇ ತರಗತಿಯಲ್ಲಿ ನಕ್ಷೆ ಬಿಡಿಸಿ ಬಿಡಿಸಿ ಕೈ ಪಳಗಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಅವರು ಇಲ್ಲೇ ಕೂತಿದ್ದಾರೆ. ಸಾರ್, ಆವತ್ತು ನೀವು ಹೊಡೆದದ್ದನ್ನು ಮನ್ನಿಸಿದ್ದೇನೆ.

ಕೊನೆಗೆ ಎರಡು ಕೋರಿಕೆ. ಮಡಕಶಿರದ ಕಡೆಯಿಂದ ಈಗಲೂ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಗಡಿನಾಡ ಕನ್ನಡಿಗರ ಮಕ್ಕಳಿಗೆ ಸಿಇಟಿ ಸೀಟಿನಲ್ಲಿ ಅವಕಾಶ ಇದೆ, ಆದರೆ ಬೇಕಾದ ಪ್ರಮಾಣಪತ್ರ ಯಾವುದು, ಎಲ್ಲಿ ತರಬೇಕು ಅನ್ನುವುದು ತಿಳಿಯದೆ ಹಿಂದೆ ಉಳಿಯುತ್ತಾರೆ. ಪ್ರತಿ ವರ್ಷ ಆ ಸಮಯಕ್ಕೆ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಇಲ್ಲಿ ಒಂದು ಮೇಜು ಹಾಕೋಣ. ಫಾರಂ ತುಂಬುವ ಕೆಲಸ ಫೋನಿನಲ್ಲೇ ನಾನು ಮಾಡಿಕೊಡುತ್ತೇನೆ. ಇನ್ನೊಂದು, ನಮ್ಮ ಪಂಚಾಯಿತಿಯವರು ಆ ಕಡೆಯ ಪಂಚಾಯಿತಿಯವರ ಜೊತೆ ವರ್ಷಕ್ಕೆ ಒಂದು ಸಲ ಕೂತು ಮಾತಾಡಲಿ. ಆಂಬುಲೆನ್ಸ್, ಹೆರಿಗೆ, ಸಾವು, ಇವಿಷ್ಟಕ್ಕೆ ದಾರಿ ಮುಚ್ಚಬಾರದು ಅನ್ನುವ ಒಂದು ತಿಳಿವಳಿಕೆ ಇರಲಿ. ಅದನ್ನು ಬರೆದು ಎರಡೂ ತಹಶೀಲ್ದಾರರಿಗೆ ಕೊಡಲಿ.

ವೀಸಾ ಆಮೇಲೆ ಬಂತು. ಆ ಸೇತುವೆ ದಾಟಿದೆ. ಆ ಕಡೆ ವೇಗದ ಫಲಕ ಕಿಲೋಮೀಟರಿನ ಬದಲು ಮೈಲಿಯಲ್ಲಿತ್ತು, ಅಷ್ಟೇ. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ತೆಲುಗಿನಲ್ಲಿ, ದನಿ ತಗ್ಗಿಸದೆ.

ಆ ದೇಶದಲ್ಲಿ ಎರಡು ಸಮುದಾಯದ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಲು ಇನ್ನೂ ಹೆಣಗುತ್ತಿದ್ದಾರೆ. ನಮ್ಮ ಶಾಲೆ ಐವತ್ತು ವರ್ಷದಿಂದ ತೆಲುಗು ಮನೆಯವರನ್ನು, ಕನ್ನಡ ಮನೆಯವರನ್ನು, ಉರ್ದು ಮನೆಯವರನ್ನು, ಎಲ್ಲ ಕೇರಿಯವರನ್ನು ಒಂದೇ ಬೆಂಚಿನಲ್ಲಿ ಕೂರಿಸಿದೆ. ಇದನ್ನು ಉಳಿಸಿಕೊಳ್ಳೋಣ.