ಗಣಿಯ ಬಾಯಿಯಲ್ಲಿ ನಿಂತು

ಅಂದಿನ ಆಗ್ನೇಯ ವಯನಾಡಿನ ದೇವಾಲ, ಪಂದಲೂರುಗಳು ಇಂದು ನೀಲಗಿರಿ ಜಿಲ್ಲೆಗೆ ಸೇರಿವೆ. 1880ರಲ್ಲಿ ಬ್ರೌ ಸ್ಮಿತ್ ಅವರ ವರದಿಯನ್ನು ನಂಬಿ ಲಂಡನ್ನಿನಲ್ಲಿ ಸಾಲುಸಾಲಾಗಿ ಕಂಪನಿಗಳು ಹುಟ್ಟಿದವು. ಕೂಡಿಸಿದ ಹಣದ ಬಹುಪಾಲು ಜಮೀನಿನ ಬೆಲೆಗೇ ಹೋಯಿತು. ಕೆಲವೇ ವರ್ಷಗಳಲ್ಲಿ ಹೆಚ್ಚಿನವು ಮುಳುಗಿದವು. ಉಳಿದವು ಪೊದೆ ಮುಚ್ಚಿದ ಸುರಂಗಗಳು.

ಅವುಗಳೊಳಗೆ ಕದ್ದು ಇಳಿದು, ಉಸಿರುಗಟ್ಟಿ ಸತ್ತವರಿದ್ದಾರೆ. ಆಳದಲ್ಲಿ ಆಮ್ಲಜನಕ ಕುಗ್ಗಿದರೆ ಮೂಗಿಗೆ ಸುಳಿವೇ ಸಿಗದು. ಪಾದರಸದಲ್ಲಿ ಬೆರೆಸಿದ ಚಿನ್ನವನ್ನು ಒಲೆಯ ಮೇಲೆ ಕಾಯಿಸಿದರೆ ಆ ವಿಷದ ಆವಿ ಮನೆಯ ಕೂಸಿನ ಉಸಿರಿಗೂ ಸೇರುತ್ತದೆ. ಆದರೂ ಕೂಲಿಯಿಲ್ಲದ ದಿನ ಗುಲಗಂಜಿ ತೂಕದ ಚಿನ್ನ ಒಂದು ಮನೆಯ ಒಲೆ ಉರಿಸೀತು. ಅವರನ್ನು ದುರಾಶೆಯವರೆಂದು ಜರೆಯಲು ನಮಗೆ ಮನಸ್ಸಾಗದು.

ಸಾಹಸಕ್ಕೆಂದು ಹೊರಡುವ ನಮ್ಮ ಮಕ್ಕಳಿಗೆ ಅಂಥ ಒತ್ತಡವೇನಿದೆ? ಅಧ್ಯಾಪಕರು ಅವರಿಗೆ ಬೆಣಚುಕಲ್ಲಿನ ತುಂಡೊಂದನ್ನು ತರಗತಿಯಲ್ಲಿಯೇ ತೋರಿಸಲಿ. ವಯನಾಡಿನ ಚಿನ್ನ ಅಡಗಿದ್ದುದು ಅಂಥ ಕಲ್ಲಿನಲ್ಲಿಯೇ.