ಐನೂರು ರೂಪಾಯಿ ನೋಟಿಸು, ಪುಕ್ಕಟೆ ವಕೀಲರು



ಇವತ್ತಿನ ಮಾತು ಬರೀ 500 ರೂಪಾಯಿ ಬಗ್ಗೆ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದ್ರೆ ನಮ್ಮ ರಾಜ್ಯದಲ್ಲಿ ಕಟ್ಟಬೇಕಾದ ದಂಡ ಅದು. 2019ರ ಸೆಪ್ಟೆಂಬರ್ 1ಕ್ಕೆ ಕೇಂದ್ರದ ಹೊಸ ಕಾನೂನು ಬಂದಾಗ 1,000 ಇತ್ತು. ಜನ ರೊಚ್ಚಿಗೆದ್ರು, ಅದೇ ತಿಂಗಳು ರಾಜ್ಯ ಸರ್ಕಾರ ಅರ್ಧಕ್ಕೆ ಇಳಿಸ್ತು. ಬೆಂಗಳೂರಿನವರಿಗೆ ಅದು ಒಂದು ಹೊತ್ತಿನ ಹೋಟೆಲ್ ಬಿಲ್ಲು. ಹನೂರು ತಾಲೂಕಿನ ಲೊಕ್ಕನಹಳ್ಳಿಯಲ್ಲಿ ಅದು ಒಂದು ದಿನದ ಕೂಲಿ.

ಲೊಕ್ಕನಹಳ್ಳಿಗೂ ಟ್ರಾಫಿಕ್ ಸಿಗ್ನಲ್‌ಗೂ ಏನು ಸಂಬಂಧ ಅಂತೀರಾ? ಇದೆ. ಆ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರ್ತಾರೆ. ಬೈಕ್ ಓಡಿಸೋದು ಮಗ, ಆರ್‌ಸಿಯಲ್ಲಿ ಇರೋದು ಅಪ್ಪನ ಹೆಸರು, ಊರಿನ ವಿಳಾಸ. ಕ್ಯಾಮೆರಾ ಫೋಟೋ ಹೊಡೆಯೋದು ಬೆಂಗಳೂರಲ್ಲಿ, ನೋಟಿಸು ಹೋಗೋದು ಲೊಕ್ಕನಹಳ್ಳಿಗೆ. ಆ ಅಪ್ಪ ಕೇಳೋ ಮೊದಲ ಪ್ರಶ್ನೆ, 'ಜೈಲ್ಗೆ ಹಾಕ್ಬುಡ್ತಾರಾ ಸಾ?'

ಇಲ್ಲ. ನೋಟಿಸು ಅಂದ್ರೆ ಆರೋಪ, ತೀರ್ಪಲ್ಲ. ಮೊದಲು ಅದನ್ನ ಓದಿಸಿ. 2021ರ ಕೇಂದ್ರದ ನಿಯಮದ ಪ್ರಕಾರ ಕ್ಯಾಮೆರಾ ಕೇಸಿನ ನೋಟಿಸು 15 ದಿನದೊಳಗೆ ಕಳಿಸಬೇಕು. ಅದರಲ್ಲಿ ತಪ್ಪು ಕಾಣೋ ಫೋಟೋ, ನಂಬರ್ ಪ್ಲೇಟು, ದಿನ, ಸಮಯ, ಜಾಗ ಇರಬೇಕು. ಬೈಕ್ ನಿಮ್ಮದೇ, ತಪ್ಪೂ ನಿಮ್ಮದೇ ಅಂದ್ರೆ ದಂಡ ಕಟ್ಟಿ, ರಸೀದಿ ಇಟ್ಟುಕೊಳ್ಳಿ, ಅಲ್ಲಿಗೆ ಮುಗೀತು. ಫೋಟೋದಲ್ಲಿರೋ ಬೈಕ್ ನಿಮ್ಮದಲ್ಲ ಅಂದ್ರೆ? ಕಟ್ಟಿದರೆ ಮಾಡದ ತಪ್ಪು ಒಪ್ಪಿಕೊಂಡ ಹಾಗೆ. ಕಟ್ಟದೆ ಸುಮ್ಮನೆ ಕೂತರೂ ಆಗಲ್ಲ. ಇಂಥ ಹೊತ್ತಲ್ಲೇ ವಕೀಲರನ್ನ ಕೇಳಬೇಕಾಗಿರೋದು.

ಇನ್ನೆರಡು ವಿಷಯದಲ್ಲಿ ಅಂತೂ ಕೇಳಲೇಬೇಕು. ಒಂದು, 18 ತುಂಬದ ಮಗನ ಕೈಗೆ ಬೈಕ್ ಕೊಟ್ಟಿದ್ದರೆ. ಅಲ್ಲಿ ಲೆಕ್ಕ 500 ಅಲ್ಲ, 25,000. ಅಪ್ಪ ಅಮ್ಮನಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು. ಎರಡು, ಬೈಕ್ ಮಾರಿ ಆರ್‌ಸಿ ಹೆಸರು ಬದಲಾಯಿಸದೆ ಬಿಟ್ಟಿದ್ದರೆ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ದಾಖಲೆಯಲ್ಲಿ ಹೆಸರು ಇರೋವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಕೇಸಲ್ಲಿ ಹೇಳಿದೆ. ಬೈಕ್ ಕೊಂಡವನು ಯಾರಿಗಾದ್ರೂ ಗುದ್ದಿದರೆ ಪರಿಹಾರ ಕೊಡಿ ಅಂತ ನಿಮ್ಮ ಮನೆಗೆ ನೋಟಿಸು ಬರುತ್ತೆ!

'ವಕೀಲರಿಗೆ ದುಡ್ಡು ಎಲ್ಲಿಂದ ತರೋದು?' ತರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅಂತ ಒಂದಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು. ಆ ಬೆಟ್ಟದ ಸೋಲಿಗರೂ ಇದರಲ್ಲಿ ಬರ್ತಾರೆ. ಉಳಿದವರಿಗೆ ವರ್ಷದ ಆದಾಯ 3 ಲಕ್ಷದೊಳಗೆ ಇದ್ದರೆ ಸಾಕು. ಕೊಳ್ಳೇಗಾಲದ ಕೋರ್ಟಿಗೆ ಹೋಗಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಬಸ್ ಚಾರ್ಜೂ ಬೇಡವಾ? 15100ಕ್ಕೆ ಫೋನ್ ಮಾಡಿ, ಪುಕ್ಕಟೆ.

ಆದರೆ ವಾಟ್ಸಾಪಲ್ಲಿ 'ಚಲನ್' ಅಂತ ಎಪಿಕೆ ಫೈಲ್ ಬಂದರೆ ಮುಟ್ಟಲೇಬೇಡಿ. ಅದು ನಿಮ್ಮ ಬ್ಯಾಂಕ್ ಖಾತೆಗೆ ಕನ್ನ ಹಾಕೋ ಕಳ್ಳರ ಕೆಲಸ.

2023ರ ಫೆಬ್ರವರಿಯಲ್ಲಿ ಅರ್ಧ ದಂಡದ ರಿಯಾಯಿತಿ ಬಂದಾಗ ಜನ ಮುಗಿಬಿದ್ದು ಕಟ್ಟಿದ್ರು. ಆ ರಿಯಾಯಿತಿ ಎಲ್ಲರಿಗೂ ನೆನಪಿದೆ. ಅದಕ್ಕೆ ಶಿಫಾರಸು ಮಾಡಿದ್ದು ಇದೇ ಕಾನೂನು ಸೇವಾ ಪ್ರಾಧಿಕಾರ, ಅದೇ ಪ್ರಾಧಿಕಾರ ಬಡವರಿಗೆ ವಕೀಲರನ್ನೂ ಕೊಡುತ್ತೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಸರ್ಕಾರಕ್ಕೆ ನನ್ನದು ಒಂದೇ ಮಾತು. ಮನೆಗೆ ಹೋಗೋ ಪ್ರತಿ ನೋಟಿಸಿನ ಕೆಳಗೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಸಾಲು ಹಾಕಿಸಿ, 'ಉಚಿತ ಕಾನೂನು ಸಲಹೆಗೆ 15100' ಅಂತ. ದಂಡ ವಸೂಲಿ ಮಾಡೋಕೆ ಲೊಕ್ಕನಹಳ್ಳಿಯ ಮನೆ ಬಾಗಿಲು ಹುಡುಕಿಕೊಂಡು ಹೋಗೋ ಕಾನೂನು, ದಾರಿ ತೋರಿಸೋಕೂ ಅದೇ ಬಾಗಿಲಿಗೆ ಹೋಗಲಿ.