ಮಳೆನೀರಿನ ಜಮಾ-ಖರ್ಚು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಗಟಾರದ ಮಾತೇಕೆ ಎಂದು ತಾವು ಕೇಳಬಹುದು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೆ ಸಾಹಿತ್ಯದ ವಿಷಯ ಮಾತನಾಡುವ ಅಧಿಕಾರವಿಲ್ಲ. ಲೆಕ್ಕದಲ್ಲಿ ನಾವೇ ಮಾಡಿದ ತಪ್ಪೊಂದನ್ನು ಒಪ್ಪಿಕೊಳ್ಳುವ ಅಧಿಕಾರ ಮಾತ್ರ ಇದೆ.

ಮುಂಬಯಿಯ ಉಪನಗರದಲ್ಲಿ ನಾವಿರುವ ಸೊಸೈಟಿಯ ಅಂಗಳ ಸುಮಾರು 600 ಚದರ ಮೀಟರು. ನಾಲ್ಕು ವರ್ಷಗಳ ಹಿಂದೆ, ಕೆಸರು ತಪ್ಪಲೆಂದು, ಅಷ್ಟಕ್ಕೂ ಕಾಂಕ್ರೀಟು ಹಾಸಿದೆವು. ಖಜಾಂಚಿಗಳಾಗಿ ಚೆಕ್ಕಿಗೆ ಸಹಿ ಮಾಡಿದವರು ನಾವೇ. ಮರುವರ್ಷದ ಆಷಾಢದಲ್ಲಿ ಗಟಾರ ಕಟ್ಟಿಕೊಂಡು, ಎಣ್ಣೆ ತೇಲುವ ಕರಿಯ ನೀರು ನೆಲ ಅಂತಸ್ತಿನ ನಿವೃತ್ತ ಮಾಸ್ತರರ ಮನೆಗೆ ನುಗ್ಗಿತು. ಅವರು ಊರಿನಿಂದ ತಂದಿದ್ದ ಪುಸ್ತಕಗಳ ಟ್ರಂಕು ನೆನೆದುಹೋಯಿತು. "ಮಳೆ ದೇವರದಪ್ಪ" ಎಂದು ಅವರು ನಮ್ಮನ್ನೇ ಸಮಾಧಾನಪಡಿಸಿದರು. ಮಳೆ ದೇವರದೇ ಹೌದು, ಕಾಂಕ್ರೀಟು ನಮ್ಮದು.

ಅಂದಿನಿಂದ ನೀರಿನ ಲೆಕ್ಕ ಕಲಿಯತೊಡಗಿದೆವು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಆದುದರಿಂದ 25 ಮಿಲಿಮೀಟರು ಮಳೆಗೆ ನಮ್ಮ ಅಂಗಳದ ಪಾಲು 15,000 ಲೀಟರು. ಮಣ್ಣಿದ್ದಾಗ ಅದು ಒಂದಿಷ್ಟನ್ನಾದರೂ ಕುಡಿಯುತ್ತಿತ್ತು. ಈಗ ಬಹುಪಾಲು ಒಮ್ಮೆಲೇ ಗಟಾರಕ್ಕೆ ಧುಮುಕುತ್ತದೆ.

ಈ ನಗರದ ಹಳೆಯ ಗಟಾರಗಳ ಅಳತೆ ಗಂಟೆಗೆ ಸುಮಾರು 25 ಮಿಲಿಮೀಟರು ಮಳೆಯದು. ಅದೂ ಸಮುದ್ರ ಇಳಿತದಲ್ಲಿದ್ದಾಗ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿಯಿತು. ಆ ಬಳಿಕ ಗಟಾರಗಳನ್ನು ಗಂಟೆಗೆ 50 ಮಿಲಿಮೀಟರಿನ ಅಳತೆಗೆ ಹಿಗ್ಗಿಸುವ ಕೆಲಸ ನಡೆಯಿತು. ಹಾಜಿ ಅಲಿ, ಇರ್ಲಾ ಮೊದಲಾದೆಡೆ ಪಂಪುಗಳು ಬಂದವು. ಇದೆಲ್ಲ ಅಗತ್ಯವೇ. ಆದರೆ ನೀರನ್ನು ಸಾಗಿಸುವುದು ಬೇರೆ, ಶುದ್ಧಗೊಳಿಸುವುದು ಬೇರೆ. ನಮ್ಮ ಬೀದಿಯ ಎಣ್ಣೆ, ಟೈರಿನ ಪುಡಿ, ಪ್ಲಾಸ್ಟಿಕ್ಕು, ಸಗಣಿ ಎಲ್ಲವೂ ಮೊದಲ ಮಳೆಯೊಡನೆ ಹೊರಟು ಮೀಠಿ ನದಿಯಂಥ ಹರಿವುಗಳ ಮೂಲಕ ಸಮುದ್ರ ಸೇರುತ್ತವೆ.

ಶುದ್ಧಗೊಳಿಸುವ ಉಪಾಯಗಳು ಹಲವಿವೆ. ಒಂದೊಂದರ ಕೆಲಸ ಒಂದೊಂದು. ಜಾಲರಿ ಕಸವನ್ನು ಹಿಡಿಯುತ್ತದೆ, ಕೆಸರನ್ನು ಬಿಡುತ್ತದೆ. ಹೂಳುಗುಂಡಿಯಲ್ಲಿ ನೀರು ನಿಧಾನಿಸಿದಾಗ ಮರಳು ತಳಕ್ಕಿಳಿಯುತ್ತದೆ. ಅಡ್ಡಗೋಡೆಯಿದ್ದರೆ ಎಣ್ಣೆ ಮೇಲೆಯೇ ನಿಲ್ಲುತ್ತದೆ. ನಯವಾದ ಧೂಳನ್ನೂ ಅದಕ್ಕಂಟಿದ ಲೋಹಗಳನ್ನೂ ತಡೆಯಲು ಮರಳುಮಿಶ್ರಿತ ಮಣ್ಣಿನ, ಗಿಡ ನೆಟ್ಟ ಪಾತಿ ಬೇಕು. ವಿಶಾಲ ಜಾಗವಿದ್ದರೆ ಜೊಂಡು ಬೆಳೆದ ಕೊಳವೂ ಆದೀತು. ಇಂಗುಗುಂಡಿ ಎಲ್ಲ ಕಡೆಗೂ ಸಲ್ಲದು: ಮಳೆಗಾಲದಲ್ಲಿ ಅಂತರ್ಜಲ ಮೇಲಕ್ಕೇರುವಲ್ಲಿ, ಕಟ್ಟಡದ ತಳಪಾಯದ ಮಗ್ಗುಲಲ್ಲಿ ಅದು ಅಪಾಯವೇ. ಪಾತಿಯಲ್ಲಿ ನೀರು ಎರಡು ದಿನಕ್ಕಿಂತ ಹೆಚ್ಚು ನಿಂತರೆ ಸೊಳ್ಳೆಗಳನ್ನು ಸಾಕಿದಂತಾಗುತ್ತದೆ. ಕಕ್ಕಸಿನ ಕೊಳವೆ ಎಲ್ಲಾದರೂ ಮಳೆಗಟಾರಕ್ಕೆ ಕೂಡಿದ್ದರೆ ಮೊದಲು ಅದನ್ನು ಬೇರ್ಪಡಿಸಬೇಕು; ಇಲ್ಲವಾದರೆ ಉಳಿದುದೆಲ್ಲ ವ್ಯರ್ಥ.

ಆದುದರಿಂದ ಆಯ್ಕೆಯ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು. ನೀರು ಹೊತ್ತು ತರುವ ಕೊಳೆ ಯಾವುದು? ಎಷ್ಟು ನೀರಿಗೆ ಎಷ್ಟು ಜಾಗವಿದೆ? ಕಟ್ಟಿದುದನ್ನು ವರ್ಷವರ್ಷವೂ ನೋಡಿಕೊಳ್ಳುವವರು ಯಾರು? ಪಾತಿಯೊಂದು ಮಹಾಪ್ರವಾಹವನ್ನು ತಡೆಯಲಾರದು. 944 ಮಿಲಿಮೀಟರು ಎಂದರೆ ನಮ್ಮ ಅಂಗಳಕ್ಕೇ 5,66,400 ಲೀಟರು! ಆದರೆ ದಿನನಿತ್ಯದ ಸಣ್ಣ ಮಳೆಗಳನ್ನೂ ಮೊದಲ ಮಳೆಯ ಕೊಳೆಯನ್ನೂ ಅದು ಸಂಭಾಳಿಸಬಲ್ಲದು. ಮಿಕ್ಕ ನೀರಿಗೆ ಸುರಕ್ಷಿತವಾದ ಕೋಡಿಯೊಂದನ್ನು ಬಿಡಲೇಬೇಕು.

ಕೋಡಿ ಎಂದೊಡನೆ ನಮ್ಮ ನಾಡಿನ ಕೆರೆಗಳು ನೆನಪಾಗುತ್ತವೆ. ನಮ್ಮ ಹಿರಿಯರು ಕೆರೆ ಕಟ್ಟಿ ಸುಮ್ಮನಾಗಲಿಲ್ಲ. ತೂಬು ಎತ್ತಿ ಇಳಿಸಲು, ಕಾಲುವೆಯ ಮೇಲೆ ಕಣ್ಣಿಡಲು ನೀರುಗಂಟಿಯನ್ನು ನೇಮಿಸಿದರು. ಹೂಳನ್ನು ಎತ್ತಿ ಹೊಲಕ್ಕೆ ಹಾಕಿದರು. ಕೆರೆ ಬಂಡವಾಳವಾದರೆ ನೀರುಗಂಟಿ ಅದರ ಪಾಲನೆಯ ಖರ್ಚು. ಎರಡನೆಯದಿಲ್ಲದೆ ಮೊದಲನೆಯದು ಉಳಿಯದು. ನಾವೋ ಇಂದು ಬಂಡವಾಳಕ್ಕೆ ವಂತಿಗೆ ಎತ್ತುತ್ತೇವೆ, ಪಾಲನೆಯ ಕಾಲಮನ್ನು ಖಾಲಿ ಬಿಡುತ್ತೇವೆ.

ಈಗ ನಮ್ಮ ಸೊಸೈಟಿಯ ಮುಂದೆ ಎರಡು ಸೂಚನೆಗಳಿವೆ. ಒಂದು, ನೆಲದಡಿ ಹೂಳುವ ಸಿದ್ಧ ಶೋಧಕ ಪೆಟ್ಟಿಗೆ. ಇನ್ನೊಂದು, ಗೋಡೆಗುಂಟ ಕಾಂಕ್ರೀಟು ಒಡೆದು, ಹೂಳುಗುಂಡಿಯೊಡನೆ ಗಿಡದ ಪಾತಿ ಮಾಡುವುದು. ಪೆಟ್ಟಿಗೆಗೆ ಜಾಗ ಕಡಿಮೆ ಸಾಕು; ಆದರೆ ಕಣ್ಣಿಗೆ ಬೀಳದುದು ಮರೆತುಹೋಗುತ್ತದೆ. ಪಾತಿಗಾಗಿ ಎರಡು ಸ್ಕೂಟರುಗಳ ಜಾಗ ಬಿಡಬೇಕು. ಕೆಟ್ಟರೆ ಮಾತ್ರ ಎಲ್ಲರಿಗೂ ಕಾಣಿಸುತ್ತದೆ. ನಮ್ಮ ಮತ ಪಾತಿಗೆ. ಅದರ ಗುಂಡಿಯೂ ಮನುಷ್ಯನನ್ನು ಒಳಗಿಳಿಸದೆ, ಮೇಲಿನಿಂದಲೇ ಹೂಳೆತ್ತುವಂತಿರಬೇಕು.

ಮೊನ್ನೆಯ ಸಭೆಯಲ್ಲಿ ದರಗಳನ್ನೆಲ್ಲ ಓದಿಯಾದ ಮೇಲೆ ಮಾಸ್ತರರು ಒಂದೇ ಪ್ರಶ್ನೆ ಕೇಳಿದರು: "ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಮುಚ್ಚಳ ತೆಗೆಯುವವರು ಯಾರು?" ಖಜಾಂಚಿಗಳಾದ ನಮ್ಮಲ್ಲಿ ಉತ್ತರವಿರಲಿಲ್ಲ. ಆ ರಾತ್ರಿಯೇ ಬಜೆಟ್ಟಿನಲ್ಲಿ ಹೊಸದೊಂದು ಕಾಲಮು ಬರೆದೆವು. ತಾವೂ ತಮ್ಮ ತಮ್ಮ ಕಟ್ಟಡಗಳಲ್ಲಿ, ಸಹಿ ಮಾಡುವ ಮುಂಚೆ, ಮಾಸ್ತರರ ಆ ಪ್ರಶ್ನೆಯನ್ನು ಕೇಳಬೇಕೆಂದು ಪ್ರಾರ್ಥಿಸಿ ನಮ್ಮ ಮಾತು ಮುಗಿಸುತ್ತೇವೆ.